ಕಬ್ಬಿಣ ಹಿಡಿದಿಟ್ಟ ಗಾಳಿ

ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತಾರೆ. ಹೊರಸಿನ ಕೆಳಗೆ ಶೇಗಡಿ, ಶೇಗಡಿಯಲ್ಲಿ ಜಾಲಿ ಕಟ್ಟಿಗೆಯ ಕೆಂಡ, ಅದರ ಮೇಲೆ ಒಂದು ಚಿಟಿಕೆ ಅಜವಾನ, ಒಂದಿಷ್ಟು ಬಳ್ಳೊಳ್ಳಿ ಸಿಪ್ಪೆ. ಹೊರಸಿನ ಮೇಲೆ ಈಗಷ್ಟೇ ಎರೆದುಕೊಂಡು ಬಂದ ತಾಯಿ, ಮಗ್ಗುಲಲ್ಲಿ ಕೂಸು. ಬಾಗಿಲು ಮುಚ್ಚಬೇಕು. ಗಾಳಿ ಹೊಕ್ಕರೆ ಬಾಣಂತಿಗೆ ಸನ್ನಿ ಆಗುತ್ತದೆ ಎಂದು ಮಾತು.

ಕೆಂಡ ಮಾಡುವುದರಲ್ಲಿ ನನ್ನ ಹೆಸರಿತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನನ್ನನ್ನು ಕರೆಯುತ್ತಿದ್ದರು. ಹಸಿ ಕೈಯವರು ಹೊಗೆ ಇರುವಾಗಲೇ ಶೇಗಡಿ ಒಳಗೆ ಒಯ್ದು ಬಾಣಂತಿಯ ಕಣ್ಣಲ್ಲಿ ನೀರು ತರಿಸುತ್ತಾರೆ. ನಾನು ಹಾಗಲ್ಲ. ಅಂಗಳದಲ್ಲಿ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಆದ ಮೇಲೆ, ಅಂಗೈ ಹಿಡಿದು ನೋಡಿ, ಆಮೇಲೆ ಒಳಗೆ ಒಯ್ಯುತ್ತಿದ್ದೆ. ಹೊಗೆ ಹೋಯಿತೆಂದರೆ ವಿಷ ಹೋಯಿತು ಎಂದು ನಾವೆಲ್ಲ ತಿಳಿದಿದ್ದೆವು. ಹಾಗೆ ತಿಳಿದದ್ದರಲ್ಲಿ ತಪ್ಪೂ ಇರಲಿಲ್ಲ. ಕಣ್ಣಿಗೆ ಕಾಣುವುದನ್ನೇ ಮನುಷ್ಯ ನಂಬುತ್ತಾನೆ.

ನನ್ನ ಕಿರಿಮಗಳನ್ನು ಅಥಣಿ ಕಡೆ ಕೊಟ್ಟಿದ್ದೆವು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿತ್ತು ಆಗ. ಅವಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ಕೊನೆಯ ವರ್ಷ. ಕುಬಸ ಮಾಡಿಸಿಕೊಂಡು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಸದಲಗಾದಿಂದ ಚಿಕ್ಕೋಡಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ನಮ್ಮ ಮನೆ. ಒಂದು ಕೈಯಲ್ಲಿ ಸೀರೆಯ ಗಂಟು, ಇನ್ನೊಂದು ಕೈಯಲ್ಲಿ ಪುಸ್ತಕದ ಚೀಲ. ಪುಸ್ತಕದ ಚೀಲವೇ ಭಾರ. ಬಂದು ನೀರು ಕುಡಿದು ಮೊದಲು ಆಡಿದ ಮಾತು ಇದು:

"ಅವ್ವಾ, ಈಗ ಹೇಳಿಬಿಡತೀನಿ. ನನ್ನ ಕೋಣ್ಯಾಗ ಶೇಗಡಿ ಇಡಬ್ಯಾಡ."

"ಯಾಕ? ಗಂಡನ ಮನ್ಯಾಗ ಹೇಳಿ ಕಳಿಸ್ಯಾರೇನು?"

"ಅವರಿಗೇನ ಗೊತ್ತು. ನನ್ನ ಪುಸ್ತಕದಾಗ ಐತಿ."

"ಪುಸ್ತಕಕ್ಕ ಥಂಡಿ ಹತ್ತೂದಿಲ್ಲ ಬೇ. ನಿನಗ ಹತ್ತತೈತಿ."

ನನ್ನ ನಾದಿನಿ ಅಲ್ಲೇ ಜೋಳ ಹಸನು ಮಾಡುತ್ತಿದ್ದಳು. ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ಗಟ್ಟಿ ಆಳು, ಮಾತೂ ಗಟ್ಟಿ. ಮೊರ ಕುಟ್ಟುತ್ತಲೇ ಅಂದಳು: "ವೈನಿ, ನಾಕ ಅಕ್ಷರ ಕಲ್ತಾಳ. ಈಗ ಆಕಿ ಹೊಟ್ಟಿನೂ ಬ್ಯಾರೆ ಆಗೇತಿ, ಕೂಸೂ ಬ್ಯಾರೆ ಹಾದಿಲೇ ಬರತೈತಿ ನೋಡ್ರಿ."

ಮಗಳು ನಕ್ಕಳು, ಆದರೆ ಮಾತು ಬಿಡಲಿಲ್ಲ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೆರಿಗೆಗೆ ಇನ್ನೂ ಹೊತ್ತಿತ್ತು. ಆದರೆ ಒಳಗೊಳಗೆ ಅದೇ ಕೊರೆಯುತ್ತಿತ್ತು. ಕೆಂಡ ಇಡದೆ ಏನಾದರೂ ಆದರೆ ಜನ ನನ್ನನ್ನು ಬಯ್ಯುತ್ತಾರೆ. ಇಟ್ಟು ಏನಾದರೂ ಆದರೆ ಯಾರೂ ಬಯ್ಯುವುದಿಲ್ಲ, ಮಗಳು ಹೋಗುತ್ತಾಳೆ.

ಚಿಕ್ಕೋಡಿಯ ಡಾಕ್ಟರಬಾಯಿ ಎಡ ಮಗ್ಗುಲಿಗೆ ಮಲಗಿಯೇ ಇರಬೇಕು ಎಂದಿದ್ದಳು. ಆದರೆ ಕಾಲೇಜಿನಲ್ಲಿ ಮಗಳು ಒಂದು ಪಾಠ ಹೇಳಿ ತೋರಿಸುವುದಿತ್ತು, ಸೆಮಿನಾರ್ ಅನ್ನುತ್ತಿದ್ದಳು. ಅದಕ್ಕೆ ಮಲಗಿಕೊಂಡೇ ಓದುವುದು, ಓದಿದ್ದನ್ನು ಬಾಯಿಬಿಟ್ಟು ಹೇಳುವುದು. ಕೇಳುವುದಕ್ಕೆ ನಾನು. ನಾನು ಎರಡನೇ ಇಯತ್ತೆ ತನಕ ಹೋದವಳು, ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಮಧ್ಯಾಹ್ನ ಊಟ ಆದ ಮೇಲೆ ಅವಳು ಹೊರಸಿನ ಮೇಲೆ, ನಾನು ಕೆಳಗೆ ಫರಸಿಯ ಮೇಲೆ. ಹೊರಗೆ ಕಬ್ಬಿನ ಒಣಗರಿಯ ರವದಿ ಸರಸರ ಅನ್ನುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರು ದೂರದಿಂದ ಬಂದು ದೂರಕ್ಕೆ ಹೋಗುತ್ತಿತ್ತು. ಅವಳ ದನಿ ಮೇಲಿನಿಂದ ಇಳಿದು ಬರುತ್ತಿತ್ತು, ಅರ್ಧ ಎಚ್ಚರದಲ್ಲಿ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಈಗ ನೆನೆದರೆ ಯಾವುದು ಅವಳು ಹೇಳಿದ್ದು, ಯಾವುದು ನಾನು ಕಂಡದ್ದು, ಬೇರೆ ಮಾಡಲು ಬರುವುದಿಲ್ಲ.

"ಒಂದು ಗಾಳಿ ಐತಿ ಅವ್ವಾ. ಕಾರ್ಬನ್ ಒಂದು, ಆಕ್ಸಿಜನ್ ಒಂದು, ಕೈ ಕೈ ಹಿಡಕೊಂಡು ಕುಂತಾವು. ಬಣ್ಣಿಲ್ಲ, ವಾಸನಿಲ್ಲ. ನೀ ಮಾಡೋ ಕೆಂಡದಾಗಿಂದ ಬರತೈತಿ. ಹೊಗಿ ಹ್ವಾದ ಮ್ಯಾಲೂ ಬರತೈತಿ."

"ಹೊಗಿ ಇಲ್ಲಂದ್ರ ಏನೂ ಇಲ್ಲ."

"ಹೊಗಿ ಇದ್ರ ಕೆಮ್ಮಿ ಎದ್ದು ಹೊರಗ ಹೋಗತೀವಿ. ಇದು ಎಬ್ಬಸೂದಿಲ್ಲ, ಮಲಗಿಸತೈತಿ. ರಕ್ತದಾಗ ಕಬ್ಬಿಣ ಐತೆಲ್ಲ, ಅದನ್ನ ಹೋಗಿ ಹಿಡಕೋತೈತಿ. ಹಿಡಕೊಂಡ್ರ ಲಗೂನ ಬಿಡೂದಿಲ್ಲ."

"ನಾ ನಾಲ್ಕು ಹಡದೇನಿ ಕೆಂಡದ ಮ್ಯಾಲ. ಯಾರ ಸತ್ತಾರ?"

"ಆಗ ನಾಡಹೆಂಚಿನ ಮನಿ. ಹೆಂಚಿನ ಸಂದ್ಯಾಗಿಂದ ಬೆಳದಿಂಗಳು ಮಾರಿ ಮ್ಯಾಲ ಬೀಳ್ತಿತ್ತಂತ ನೀನ ಹೇಳ್ತಿ. ಈಗ ಮ್ಯಾಲ ನೋಡು."

ಮೇಲೆ ನೋಡಿದೆ. ಸ್ಲ್ಯಾಬು. ಹಿಂದಿನ ವರ್ಷದ ಕಬ್ಬಿನ ದುಡ್ಡಿನಲ್ಲಿ ಹಾಕಿಸಿದ್ದು. ಒಂದು ಇರುವೆ ಹೋಗುವ ಸಂದು ಇರಲಿಲ್ಲ. ಕಿಟಕಿಗೆ ಗಾಜು. ಮಗ್ಗುಲು ಬದಲಿಸಿದೆ.

ಅವಳ ಪಾಠ ರಕ್ತದ ಮಾತಲ್ಲ, ಗಾಜಿನ ಕುಡಿಕೆಯೊಳಗಿನ ಮಾತು. ಕಬ್ಬಿಣದಂಥ ಲೋಹ ನಡುವೆ ಕುಳಿತಿರುತ್ತದಂತೆ, ಸುತ್ತ ಐದು ಜೋಡಿ ಆ ಗಾಳಿ, ಎಲ್ಲವೂ ಕಾರ್ಬನ್ ಕಡೆಯಿಂದ ಅಂಟಿಕೊಂಡು. ಅಲ್ಲಿಗೆ ಹೊರಗಿನಿಂದ ಇನ್ನೊಂದು ಬರುತ್ತದೆ, ಅದರ ಹೆಸರು ನ್ಯೂಕ್ಲಿಯೋಫೈಲ್. ನನ್ನ ನಾಲಿಗೆಗೆ ಅದು ಹತ್ತಲಿಲ್ಲ.

"ಅದೇನ ಮಾಡತೈತಿ ಅದನ್ನರ ಹೇಳು. ಹೆಸರ ಕಟಗೊಂಡ ನನಗೇನು."

"ಅದರ ಹಂತ್ಯಾಕ ಇಲೆಕ್ಟ್ರಾನ್ ಹೆಚ್ಚಿಗಿ ಇರತಾವು. ಕಾಳು ಅನ್ಕೊ. ಯಾರ ಉಡಿ ಖಾಲಿ ಐತಿ ನೋಡಿ ಅವರ ಉಡ್ಯಾಗ ಹಾಕತೈತಿ."

"ಉಡಿ ತುಂಬಾಕ ಬಂದಾಕಿ ಅನ್ನು."

"ಅನ್ನು," ಎಂದಳು. ಆಮೇಲೆ ನಾವು ಹಾಗೇ ಅಂದೆವು.

ಅವಳು ಹೇಳಿದ್ದು ನನಗೆ ಹೀಗೆ ತಿಳಿಯಿತು. ಆ ಗಾಳಿ ಒಂದೇ ಅಲೆದಾಡುವಾಗ ಅದರ ಉಡಿ ತುಂಬಲು ಸುಲಭಕ್ಕೆ ಯಾರೂ ಹೋಗುವುದಿಲ್ಲ. ಕಬ್ಬಿಣ ಹಿಡಿದ ಮೇಲೆ ಬೇರೆ. ಕಬ್ಬಿಣ ಒಂದು ಕೈಯಿಂದ ಕಾರ್ಬನ್ನಿನ ಕಾಳು ತೆಗೆದುಕೊಳ್ಳುತ್ತದೆ, ಇನ್ನೊಂದು ಕೈಯಿಂದ ತನ್ನ ಕಾಳು ವಾಪಸು ಕೊಡುತ್ತದೆ. ತೆಗೆದುಕೊಂಡದ್ದು ಹೆಚ್ಚಾಗಿ ಕೊಟ್ಟದ್ದು ಕಡಿಮೆಯಾದರೆ ಕಾರ್ಬನ್ನಿನ ಉಡಿ ಖಾಲಿ. ಉಡಿ ತುಂಬುವವಳು ಬಂದಳೆಂದರೆ ಯಜಮಾನನಂತೆ ನಡುವೆ ಕುಳಿತ ಕಬ್ಬಿಣದ ಕಡೆ ನೋಡುವುದಿಲ್ಲ. ನೆಟ್ಟಗೆ ಕಾರ್ಬನ್ನಿನ ಹತ್ತಿರ ಹೋಗುತ್ತಾಳೆ. ಕಬ್ಬಿಣದ ಹತ್ತಿರವೇ ಕಾಳು ಬಹಳ ಇದ್ದು ಅದು ಕೈ ಬಿಚ್ಚಿ ವಾಪಸು ಕೊಡುತ್ತಿದ್ದರೆ ಬಂದವಳು ಹಾಗೇ ತಿರುಗಿ ಹೋಗುತ್ತಾಳೆ.

"ಉಂಡಾಕಿಗೆ ಯಾರ ನೀಡತಾರ," ಎಂದೆ.

"ಅದ, ಅದ," ಎಂದಳು ಮಗಳು, ಹೊರಸು ಕಿರುಗುಟ್ಟಿತು.

ಬರುವವರ ಸ್ವಭಾವ ಬೇರೆ ಬೇರೆಯಂತೆ. ಕೆಲವು ಬಂದು ಕಾರ್ಬನ್ನಿಗೆ ಅಂಟಿಕೊಂಡು ಅಲ್ಲೇ ಉಳಿದುಬಿಡುತ್ತವೆ, ಆಗ ಕಬ್ಬಿಣದ ಮೇಲೆ ಮೊದಲು ಇಲ್ಲದ ಹೊಸ ಪದಾರ್ಥ ಬೆಳೆಯುತ್ತದೆ. ಕಾಸ್ಟಿಕ್ ಸೋಡಾದಂಥ ಕ್ಷಾರ ಬಂದರೆ ಉಳಿಯುವುದಿಲ್ಲ, ಕರೆದುಕೊಂಡು ಹೊರಡುತ್ತದೆ. ಕಾಸ್ಟಿಕ್ ನನಗೆ ಗೊತ್ತಿತ್ತು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಕ್ಕಿದ್ದಾಗ ರಸ ಕಾಯಿಸುವ ದೊಡ್ಡ ಪಾತ್ರೆಗಳನ್ನು ಅದರಿಂದಲೇ ತೊಳೆಯುತ್ತಿದ್ದ, ಮನೆಗೆ ಬಂದಾಗ ಬೆರಳ ತುದಿಯ ಚರ್ಮ ಸುಲಿದಿರುತ್ತಿತ್ತು. ಅಂಥದ್ದು ಯಾರದೋ ಉಡಿ ತುಂಬಲು ಹೋಗುತ್ತದೆ ಎಂದು ಕೇಳಿ ಸೋಜಿಗವಾಯಿತು.

ಆ ಮಧ್ಯಾಹ್ನ ನಾನೊಂದು ಕನಸು ಕಂಡೆ. ಕನಸಿಗೆ ಬೆಲೆ ಕೊಡುವವಳಲ್ಲ ನಾನು. ಹೊಟ್ಟೆ ತುಂಬಿ ಮಲಗಿದರೆ ಏನೇನೋ ಕಾಣುತ್ತದೆ. ಆದರೂ ಇದು ಕಣ್ಣ ಮುಂದೆ ಇದೆ. ದೂಧಗಂಗಾ ನದಿ, ನೀರು ಎಣ್ಣೆಯ ಹಾಗೆ ನಿಂತಿದೆ. ನಡುವೆ ಒಂದು ಕಬ್ಬಿಣದ ಕಂಬ. ಕಂಬಕ್ಕೆ ಐದು ದೋಣಿ, ಎಲ್ಲವನ್ನೂ ಮೂತಿಯಿಂದ ಕಟ್ಟಿದೆ, ಬಾಲ ನೀರಿನ ಕಡೆ. ದಡದಲ್ಲಿ ಸದ್ದಿಲ್ಲ, ಒಂದು ಬೆಳ್ಳಕ್ಕಿ ಕೂಡ ಇಲ್ಲ. ಒಬ್ಬ ಈಜುತ್ತಾ ಬಂದ. ಮೈಮೇಲೆ ಒಂದು ಬಿಳಿ ಪಂಜೆ, ಅಷ್ಟೇ. ಕಂಬವನ್ನು ಹಿಡಿಯುತ್ತಾನೆ ಅಂದುಕೊಂಡೆ, ಹಿಡಿಯಲಿಲ್ಲ. ಒಂದು ದೋಣಿಯ ಮೂತಿಗೆ ಕೈ ಹಾಕಿದ. ಹಾಕಿದ ಕೂಡಲೇ ದೋಣಿ ತೂಗಿತು, ಕಂಬವೂ ತೂಗಿತು. ಅವನು ದೋಣಿ ಹತ್ತಿ ಕುಳಿತ. ಉಟ್ಟಿದ್ದ ಪಂಜೆ ಬಿಚ್ಚಿ ಕಂಬಕ್ಕೆ ಹಾಕಿದ. ಹಗ್ಗ ತಾನೇ ಕಳಚಿತು. ದೋಣಿ ಅವನನ್ನು ಹೊತ್ತುಕೊಂಡು ಹೊರಟಿತು, ಹೋಗುತ್ತಾ ಹೋಗುತ್ತಾ ದೋಣಿಯಾಗಿ ಉಳಿಯಲಿಲ್ಲ, ನೀರಿನ ಮೇಲಿನ ಮಂಜಾಯಿತು, ಆಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಆಯಿತು. ಕಂಬಕ್ಕೆ ಉಳಿದದ್ದು ನಾಲ್ಕು ದೋಣಿ, ಒಂದು ಒದ್ದೆ ಪಂಜೆ.

ಎದ್ದು ಮಗಳಿಗೆ ಹೇಳಿದೆ. ಅವಳು ಪುಸ್ತಕ ಮಗುಚಿಟ್ಟು ಕೇಳಿದಳು.

"ಹಂಗ ಆಗತೈತಿ ಅವ್ವಾ. ಕ್ಷಾರದ ಆಕ್ಸಿಜನ್ ಹೋಗಿ ಆ ಕಾರ್ಬನ್ನಿಗೆ ಕೂಡತೈತಿ. ಈಗ ಕಾರ್ಬನ್ ಒಂದು, ಆಕ್ಸಿಜನ್ ಎರಡು. ನಾವು ಬಿಡೋ ಉಸರಿನಾಗ ಇರೋದು ಅದ. ಅದು ಹಾರಿ ಹೋಗತೈತಿ. ಕ್ಷಾರದ ಹೈಡ್ರೋಜನ್ ಮಾತ್ರ ಕಬ್ಬಿಣದ ಮ್ಯಾಲ ಉಳಕೋತೈತಿ. ನೀ ಪಂಜೆ ಅಂದಿ, ಅದು."

"ನೀ ಹೇಳಿದ್ದ ಕನಸಿನಾಗ ಬಂದೈತಿ, ಅದರಾಗೇನ ದೊಡ್ಡಸ್ತಿಕಿ. ಎದ್ದು ಹಾಲು ಕುಡಿ."

ಆದರೆ ಹಾಲು ಕಾಯಿಸುವಾಗ ನನಗೆ ಒಂದು ವಿಚಾರ ಬಂತು. ಹಿಡಿದಿದ್ದನ್ನು ಬಿಡಿಸುವವನು ಒಬ್ಬನಿದ್ದಾನೆ ಅಂದರೆ ಹೆದರಿಕೆ ಯಾಕೆ? ಕೆಂಡ ಇಡೋಣ, ಪಕ್ಕದಲ್ಲಿ ಬಿಡಿಸುವ ಔಷಧವನ್ನೂ ಇಡೋಣ. ಜನರ ಬಯ್ಗುಳವೂ ತಪ್ಪುತ್ತದೆ, ಮಗಳೂ ಉಳಿಯುತ್ತಾಳೆ. ಲೋಟ ಕೈಗೆ ಕೊಡುತ್ತಾ ಕೇಳಿದೆ: "ರಕ್ತದ ಕಬ್ಬಿಣಕ್ಕ ಹತ್ತಿದ್ದನ್ನೂ ಹಂಗ ಬಿಡಸಾಕ ಬರತೈತಿಲ್ಲ? ಒಂದೀಟ ಸುಣ್ಣದ ತಿಳಿ ಕುಡಸಿದ್ರ?"

ಮಗಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಹಾಲು ಸೆರಗಿನ ಮೇಲೆ ಚೆಲ್ಲಿತು. "ಸುಣ್ಣದ ತಿಳಿ ಕುಡಿಸಿ ಬಾಣಂತನ ಮಾಡಾಕಿ ನೀ ಒಬ್ಬಾಕೀನ ನೋಡು." ನಾನೂ ನಕ್ಕೆ. ಆದರೆ ನನಗೆ ಉತ್ತರ ಬೇಕಿತ್ತು. "ನಗೂದು ಇರಲಿ. ಬರತೈತೋ ಇಲ್ಲೋ?"

"ತಡಿ, ನೋಡಿ ಹೇಳತೀನಿ," ಎಂದಳು. ಎರಡು ಮೂರು ದಿನ ಪುಸ್ತಕ ತಿರುವಿದಳು, ಕಾಲೇಜಿನ ಸರ್‌ಗೆ ಫೋನ್ ಮಾಡಿದಳು. ಆಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದಳು. ಈ ಸಲ ನಗಲಿಲ್ಲ.

"ಬರೂದಿಲ್ಲ ಅವ್ವಾ. ರಕ್ತದ ಕಬ್ಬಿಣ ಕೈ ಬಿಚ್ಚಿ ವಾಪಸ್ ಕೊಡೋ ಪೈಕಿ. ಅಲ್ಲಿ ಕಾರ್ಬನ್ನಿನ ಉಡಿ ಖಾಲಿ ಇರೂದಿಲ್ಲ. ಉಡಿ ತುಂಬಾಕ ಬಂದಾಕಿ ಹಂಗ ತಿರುಗಿ ಹೋಗತಾಳ. ಅಷ್ಟು ಜೋರ ಕ್ಷಾರ ಹಾಕಿದ್ರ ಗಾಳಿ ಬಿಡೂಕಿಂತ ಮೊದಲ ಮನಷ್ಯಾನ ಸುಟ್ಟು ಹೋಗತಾನ."

"ಮತ್ತ ಏನ ಬಿಡಸತೈತಿ?"

"ಚೊಲೊ ಗಾಳಿ. ಬರೀ ಚೊಲೊ ಗಾಳಿ. ಅದು ಬಂದು ಬಂದು ನೂಕಿ ನೂಕಿ ಆ ಜಾಗಾ ವಾಪಸ್ ತಗೋತೈತಿ, ಸಾವಕಾಶ. ಅದಕ್ಕ ಹೊತ್ತು ಹಿಡಿತೈತಿ. ಕೂಸಿಗೆ ಅಷ್ಟು ಹೊತ್ತು ಇರತೈತೋ ಇಲ್ಲೋ."

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಬಿಡಿಸುವವರು ಇಲ್ಲದ ಕಡೆ ಹಿಡಿಯುವವನನ್ನು ಕರೆಯಬಾರದು. ಸಂಜೆ ನಾದಿನಿಗೆ ಹೇಳಿದೆ, ಕೋಣೆಯಲ್ಲಿ ಶೇಗಡಿ ಇಲ್ಲ, ಇಟ್ಟಂಗಿ ಕಾಯಿಸಿ ಬಟ್ಟೆ ಸುತ್ತಿ ಕಾಲ ಬುಡದಲ್ಲಿ ಇಡೋಣ. ಅವಳು ಮಾರಿ ತಿರುಗಿಸಿದಳು. "ನಿಮ್ಮ ಮಗಳು, ನಿಮ್ಮ ಇಟ್ಟಂಗಿ ವೈನಿ. ನಂದೇನೈತಿ."

ಸೆಮಿನಾರಿಗೆ ಜೀಪು ಮಾಡಿಕೊಂಡು ಚಿಕ್ಕೋಡಿಗೆ ಹೋದೆವು. ನಾನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕುಳಿತೆ. ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಒಂದು ಕೈ ಬೋರ್ಡಿನ ಮೇಲೆ, ಒಂದು ಕೈ ನಡುವಿನ ಮೇಲೆ. ಒಂದು ಅಕ್ಷರ ತಿಳಿಯಲಿಲ್ಲ, ಆದರೆ ಅವಳು ನಡುವೆ ಒಂದು ಗುಂಡು ಬರೆದು ಸುತ್ತ ಐದು ಗೆರೆ ಎಳೆದಾಗ ನನಗೆ ನೀರಿನ ವಾಸನೆ ಬಂದ ಹಾಗಾಯಿತು. ಕ್ಷಾರ ಬಂತು ಅಂತಲೂ ಗೊತ್ತಾಯಿತು, ಬಾಗಿದ ಬಾಣ ಕಬ್ಬಿಣಕ್ಕೆ ಹೋಗದೆ ಮಗ್ಗುಲಿಗೆ ಹೋಯಿತು. ಬೆಂಚಿನ ಮೇಲೆಯೇ ಕಣ್ಣು ಮುಚ್ಚಿ ಬಂತು. ಪಾಸಾದಳು.

ಥಂಡಿಯ ದಿನಗಳಲ್ಲಿ ಹೆರಿಗೆ ಆಯಿತು. ಹೆಣ್ಣು ಕೂಸು. ದವಾಖಾನೆಯಿಂದ ಮನೆಗೆ ಕರೆತಂದೆವು. ಅಳವಿ ಪಾಯಸ, ಅಂಟಿನ ಉಂಡಿ, ಬಿಸಿನೀರು, ಎಲ್ಲ ಪದ್ಧತಿಯಂತೆ. ಕೆಂಡ ಒಂದಿಲ್ಲ. ನೋಡಲು ಬಂದ ಹೆಂಗಸರು ಹೊರಸಿನ ಕೆಳಗೆ ಬಗ್ಗಿ ನೋಡಿ ಹೋಗುತ್ತಿದ್ದರು. "ಕೆಂಡದಾಕಿ ಮಗಳಿಗೇ ಕೆಂಡಿಲ್ಲ," ಎಂದು ಒಬ್ಬಳು ನನ್ನ ಎದುರಿಗೇ ಅಂದಳು. ನಾನು ಚಹಾ ಕೊಟ್ಟು ಕಳಿಸಿದೆ. ನಾದಿನಿಗೆ ಮಾತ್ರ ಆ ಮಾತು ಚುಚ್ಚಿತು ಎಂದು ಕಾಣುತ್ತದೆ.

ಒಂದು ಮುಂಜಾನೆ ಮಂಜು ದಟ್ಟವಾಗಿ ಬಿದ್ದಿತ್ತು. ಕೂಸಿಗೆ ಮೂಗು ಕಟ್ಟಿತ್ತು. ನಾನು ಎಮ್ಮೆ ಹಾಲು ಡೇರಿಗೆ ಹಾಕಿ ಬರಲು ಹೋದೆ. ದಾರಿಯಲ್ಲಿ ಹೊಲವೂ ಇಲ್ಲ, ಊರೂ ಇಲ್ಲ, ಹತ್ತಿಯಲ್ಲಿ ನಡೆದ ಹಾಗೆ. ತಿರುಗಿ ಬಂದಾಗ ಅಂಗಳದಲ್ಲಿ ಸುಟ್ಟ ಜಾಲಿ ಕಟ್ಟಿಗೆ ಕಂಡಿತು, ಅದರ ನಡುವೆ ಕೆಂಡ ಬಳಿದು ತೆಗೆದ ಗುರುತು. ಕೋಣೆಯ ಬಾಗಿಲು ಮುಚ್ಚಿತ್ತು. ಕಿಟಕಿಗೆ ಕೌದಿ ಬಿಗಿದಿತ್ತು.

ಬಾಗಿಲು ದೂಡಿದೆ. ಒಳಗೆ ಬೆಚ್ಚಗೆ, ಅಜವಾನದ ಸಣ್ಣ ವಾಸನೆ, ಒಂದು ಎಳೆ ಹೊಗೆ ಇಲ್ಲ. ಅಷ್ಟು ಚಂದದ ಕೋಣೆ ನಾನು ಕಂಡಿಲ್ಲ. ಹೊರಸಿನ ಕೆಳಗೆ ಕೆಂಡ ಕೆಂಪು ಹೂವಿನ ಹಾಗೆ ಬಿರಿದಿತ್ತು. ಮಗಳು ಕಣ್ಣು ಅರೆ ತೆರೆದು ನೋಡಿದಳು, ಕೆನ್ನೆ ಕೆಂಪಾಗಿತ್ತು.

"ಅವ್ವಾ, ತಲಿ ಭಾರ ಆಗೇತಿ. ಒಂದೀಟ ಮಲಗತೀನಿ. ಬೆಚ್ಚಗ ಐತಿ."

"ಏಳು," ಎಂದೆ.

"ಮಲಗತೀನಿ," ಎಂದಳು, ಇಷ್ಟೆಲ್ಲ ಓದಿದವಳು.

ಕೂಸನ್ನು ಎತ್ತಿಕೊಂಡೆ, ಅದರ ಕೈ ಜೋತು ಬಿತ್ತು. ಇನ್ನೊಂದು ಕೈಯಿಂದ ಮಗಳ ರಟ್ಟೆ ಹಿಡಿದು ಎಳೆದೆ. ಹೊಸ್ತಿಲಲ್ಲಿ ಅವಳ ಕಾಲು ಕುಸಿಯಿತು, ಎಳೆದುಕೊಂಡೇ ಅಂಗಳಕ್ಕೆ ತಂದೆ. ನಾದಿನಿ ಹಿತ್ತಿಲಿನಿಂದ ಓಡಿ ಬಂದಳು.

"ಏನ ಮಾಡಾಕತ್ತೀರಿ ವೈನಿ, ಬಾಣಂತೀನ ಮಂಜಿನಾಗ ತಂದು ಒಗದೀರಿ."

"ಜೀಪಿನವಗ ಫೋನ್ ಮಾಡಸು. ಮೊದಲ ಕಿಟಕಿ ತಗಿ, ಶೇಗಡಿ ಹೊರಗ ಒಗಿ."

"ಹೊಗಿ ಇರಲಿಲ್ರಿ. ನಿಮ್ಮಂಗ ಅಂಗೈ ಹಿಡದ ನೋಡೇನಿ. ಆಕಿ ಮಲಗಿದ್ಲು, ನಾ ಕೂಸಿನ ಮೂಗಿಗೆ ಅಂತ…"

"ಗೊತ್ತೈತಿ. ಹೋಗು."

ಅವಳನ್ನು ಬಯ್ಯಲು ನನಗೆ ಹೊತ್ತಿರಲಿಲ್ಲ. ಬಯ್ಯುವುದಕ್ಕೆ ಏನೂ ಇರಲಿಲ್ಲ ಕೂಡ, ನನಗಿಂತ ಚಂದ ಕೆಂಡ ಮಾಡಿದ್ದಳು. ಅವಳು ಶೇಗಡಿ ಎತ್ತಿ ತಂದು ಅಂಗಳದ ಮೂಲೆಗೆ ಸುರಿದಳು, ನೀರು ಹಾಕಿದಳು. ಮಗಳು ಗೋಡೆಗೆ ಒರಗಿ ವಾಂತಿ ಮಾಡಿಕೊಂಡಳು, ಆಮೇಲೆ ಕಣ್ಣು ತೆರೆದು ತಾನೆಲ್ಲಿದ್ದೇನೆ ಎಂಬ ಹಾಗೆ ಮಂಜನ್ನು ನೋಡಿದಳು. ಚಿಕ್ಕೋಡಿಗೆ ಒಯ್ದೆವು, ಅಲ್ಲಿ ಇಬ್ಬರಿಗೂ ಆಕ್ಸಿಜನ್ ಕೊಟ್ಟರು, ಉಳಿಸಿಕೊಂಡು ನೋಡಿ ಚೆನ್ನಾಗಿದ್ದಾರೆ ಎಂದು ಮನೆಗೆ ಕಳಿಸಿದರು. ಕೇಳುವವರು ಸುಮ್ಮನೆ ಗಾಬರಿಯಾಗಬಾರದೆಂದು ಅದನ್ನು ಈಗಲೇ ಹೇಳಿಬಿಡುತ್ತೇನೆ.

ಆದರೆ ಜೀಪು ಬರುವ ಮುಂಚಿನ ಆ ಹೊತ್ತು ಬೇರೆ. ಕೂಸಿನ ಕೌದಿ ಸಡಿಲಿಸಿ ಮಾರಿಯನ್ನು ಗಾಳಿಗೆ ಹಿಡಿದು ನಿಂತಿದ್ದೆ. ಮಂಜು ಅದರ ಬಾಯಿಯ ಹತ್ತಿರ ಬಂದು ಹೋಗುತ್ತಿತ್ತು. ಒಳಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನ್ನ ಕಣ್ಣಿಗೆ ಕಾಣದ ಜಾಗದಲ್ಲಿ, ಆ ಬೆರಳಷ್ಟು ನೆತ್ತರಿನಲ್ಲಿ, ಯಾರು ಯಾರನ್ನು ನೂಕುತ್ತಿದ್ದಾರೋ. ನಾನು ದೇವರನ್ನು ಕರೆಯಲಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆದೆ. ಮತ್ತೆ ಹೊಡೆದೆ. ಮೂಗು ಸೊಟ್ಟ ಮಾಡಿತು. ತುಟಿ ನಡುಗಿತು. ಆಮೇಲೆ ಓಣಿಯ ಕೊನೆಯ ತನಕ ಕೇಳುವ ಹಾಗೆ ಅತ್ತಿತು.

ನಾದಿನಿ ಓಡಿ ಬಂದು ಕೈ ಚಾಚಿದಳು, ಅವಳ ಕೈಗೆ ಬೂದಿ ಮೆತ್ತಿತ್ತು. "ಕೊಡ್ರಿ, ರಮಸತೀನಿ. ಅಳೂದು ನೋಡಾಕ ಆಗೂದಿಲ್ಲ."

ಗೋಡೆಯ ಬುಡದಿಂದ ಮಗಳು ಕ್ಷೀಣ ದನಿಯಲ್ಲಿ ಅಂದಳು: "ಅಳಲಿ ಬಿಡು ಅತ್ತಿ. ಅತ್ತಷ್ಟೂ ಗಾಳಿ ಒಳಗ ಹೋಗತೈತಿ."

ನಾದಿನಿ ಕೈ ಹಿಂದೆ ತೆಗೆದುಕೊಂಡು ನನ್ನ ಮಗ್ಗುಲಲ್ಲಿ ನಿಂತಳು. ಯಾರೂ ರಮಿಸಲಿಲ್ಲ. ಜೀಪಿನ ಸದ್ದು ಮಂಜಿನೊಳಗಿಂದ ಬರುವ ತನಕ ಕೂಸು ಅಳುತ್ತಲೇ ಇತ್ತು, ನಾವು ಕೇಳುತ್ತಾ ನಿಂತಿದ್ದೆವು.